ವಿಕಿರಣದ ಗಾಯವನ್ನು ಸ್ಕ್ಯಾನಿನಲ್ಲಿ ಗುರುತಿಸುವುದು

ಕ್ಯಾನ್ಸರಿಗೆ ವಿಕಿರಣ ಚಿಕಿತ್ಸೆ, ಜನರ ಮಾತಿನಲ್ಲಿ ‘ಕರೆಂಟ್’, ಮುಗಿಸಿಕೊಂಡು ಮನೆಗೆ ಬಂದವರಲ್ಲಿ ಕೆಲವರಿಗೆ ತಿಂಗಳುಗಳ ನಂತರದ ಸ್ಕ್ಯಾನಿನಲ್ಲಿ ಹೊಸ ಮಚ್ಚೆಯೊಂದು ಕಾಣಿಸುತ್ತದೆ. ರೋಗ ಮರಳಿತೆಂದು ಮನೆಮಂದಿಯೆಲ್ಲ ಕಂಗಾಲಾಗುತ್ತಾರೆ. ಆದರೆ ಅದು ಗಡ್ಡೆಯೇ ಆಗಿರಬೇಕೆಂದಿಲ್ಲ. ಗಡ್ಡೆಯನ್ನು ಸುಟ್ಟ ಕಿರಣಗಳು ಸುತ್ತಲಿನ ಅಂಗಾಂಶಕ್ಕೆ ಮಾಡಿದ ಗಾಯವೂ ಆಗಿರಬಹುದು. ಎರಡಕ್ಕೂ ಚಿಕಿತ್ಸೆ ಬೇರೆ. ಹಾಗಾಗಿ ಯಾವುದು ಯಾವುದೆಂದು ತಿಳಿಯಲೇಬೇಕು.

ಗಾಯವಾಗುವ ಬಗೆ

ವಿಕಿರಣದ ಪ್ರಮಾಣವನ್ನು ಅಳೆಯುವ ಮಾನ ‘ಗ್ರೇ’. ಒಂದು ಕಿಲೋಗ್ರಾಂ ಅಂಗಾಂಶ ಒಂದು ಜೂಲ್ ಶಕ್ತಿಯನ್ನು ಹೀರಿಕೊಂಡರೆ ಅದು 1 ಗ್ರೇ. ಮಿದುಳಿನ ಗ್ಲಯೋಬ್ಲಾಸ್ಟೋಮಾ ಗಡ್ಡೆಗೆ ಸಾಮಾನ್ಯವಾಗಿ ಸಲಕ್ಕೆ 2 ಗ್ರೇಯಂತೆ 30 ಸಲ, ಒಟ್ಟು 60 ಗ್ರೇ ಕೊಡುತ್ತಾರೆ. ಕಿರಣಗಳು ಜೀವಕೋಶಗಳ ಡಿಎನ್‌ಎ ಎಳೆಗಳನ್ನು ತುಂಡರಿಸುತ್ತವೆ. ಬೇಗಬೇಗ ಹೊಸದಾಗುವ ಚರ್ಮ ಮತ್ತು ಬಾಯಿಯ ಒಳಪದರ ಕೆಲವೇ ವಾರಗಳಲ್ಲಿ ಹುಣ್ಣಾಗುತ್ತವೆ. ಸಣ್ಣ ರಕ್ತನಾಳಗಳ ಹಾನಿ ಮಾತ್ರ ತಡವಾಗಿ ಬಯಲಿಗೆ ಬರುತ್ತದೆ. ಮೊದಲು ನಾಳಗಳು ಸೋರಿ ಊತ ಬರುತ್ತದೆ. ಆಮೇಲೆ ಅವು ಕಿರಿದಾಗಿ ರಕ್ತ ಸಾಲದಾಗುತ್ತದೆ. ಕೊನೆಗೆ ಅಂಗಾಂಶ ನಾರುಗಟ್ಟುತ್ತದೆ, ಇಲ್ಲವೇ ಸಾಯುತ್ತದೆ.

ಶ್ವಾಸಕೋಶ, ಬೆನ್ನುಮೂಳೆ

ಎದೆಗೆ ವಿಕಿರಣ ಪಡೆದವರಲ್ಲಿ ಕೆಲವರಿಗೆ ಒಂದರಿಂದ ಆರು ತಿಂಗಳೊಳಗೆ ಒಣಕೆಮ್ಮು, ಏದುಸಿರು ಶುರುವಾಗಬಹುದು. ಸಿಟಿ ಸ್ಕ್ಯಾನಿನಲ್ಲಿ ಆ ಭಾಗ ಮಸುಕು ಬಿಳಿಯಾಗಿರುತ್ತದೆ. ಸೋಂಕು ಸಾಮಾನ್ಯವಾಗಿ ಶ್ವಾಸಕೋಶದ ಸಹಜ ವಿಭಾಗಗಳನ್ನು ಅನುಸರಿಸಿ ಹರಡಿದರೆ, ವಿಕಿರಣದ ಉರಿಯೂತ ಆ ಎಲ್ಲೆಗಳನ್ನು ದಾಟಿ ಕಿರಣ ಬಿದ್ದ ಜಾಗದ ಆಕಾರವನ್ನೇ ತಾಳುತ್ತದೆ. ಈಗಿನ ಯಂತ್ರಗಳು ಹಲವು ಕೋನಗಳಿಂದ ಕಿರಣ ಹಾಯಿಸುವುದರಿಂದ ಆ ಅಂಚು ಅಷ್ಟು ಸ್ಪಷ್ಟವಾಗಿರುವುದಿಲ್ಲ. ಆಗ ಚಿಕಿತ್ಸೆಯ ಯೋಜನಾ ನಕ್ಷೆಯನ್ನು ಹೊಸ ಸ್ಕ್ಯಾನಿನ ಪಕ್ಕದಲ್ಲಿಟ್ಟು ಹೋಲಿಸಬೇಕಾಗುತ್ತದೆ.

ಕಿರಣ ಬಿದ್ದ ಬೆನ್ನುಮೂಳೆಯ ಮಜ್ಜೆಯಲ್ಲಿ ರಕ್ತ ತಯಾರಿಸುವ ಕೋಶಗಳು ಸತ್ತು, ಆ ಜಾಗವನ್ನು ಕೊಬ್ಬು ತುಂಬುತ್ತದೆ. ಎಂಆರ್‌ಐನಲ್ಲಿ ಕೊಬ್ಬು ಬೆಳ್ಳಗೆ ಹೊಳೆಯುವುದರಿಂದ ಕಿರಣ ಬಿದ್ದ ಮೂಳೆಗಳು ಯಾವುವೆಂದು ನೋಡಿದೊಡನೆ ತಿಳಿಯುತ್ತದೆ.

ಮಿದುಳಿನ ಕಗ್ಗಂಟು

ಅತಿ ಕಷ್ಟದ ತೀರ್ಮಾನ ಮಿದುಳಿನದು. ಎಂಆರ್‌ಐ ವೇಳೆ ರಕ್ತನಾಳಕ್ಕೆ ಕೊಡುವ ಗ್ಯಾಡೋಲಿನಿಯಂ ಔಷಧ ಆರೋಗ್ಯವಂತ ಮಿದುಳಿನ ನಾಳಗಳಿಂದ ಹೊರಗೆ ಸೋರುವುದಿಲ್ಲ. ಬೆಳೆಯುವ ಗಡ್ಡೆಯಲ್ಲೂ ಅದು ಸೋರುತ್ತದೆ, ವಿಕಿರಣದಿಂದ ಸತ್ತ ಅಂಗಾಂಶದಲ್ಲೂ ಸೋರುತ್ತದೆ. ಹೀಗಾಗಿ ಚಿತ್ರದಲ್ಲಿ ಎರಡೂ ಒಂದೇ ತೆರನಾಗಿ ಹೊಳೆಯುತ್ತವೆ.

ಆಗ ತಜ್ಞರು ಆಕಾರವನ್ನು ಬಿಟ್ಟು ಒಳಗಿನ ಚಟುವಟಿಕೆಯನ್ನು ಅಳೆಯುತ್ತಾರೆ. ರಕ್ತಸಂಚಾರವನ್ನು ತೋರುವ ಪರ್ಫ್ಯೂಷನ್ ಎಂಆರ್‌ಐನಲ್ಲಿ ಗಡ್ಡೆಗೆ ಸಾಮಾನ್ಯವಾಗಿ ಹೆಚ್ಚು ರಕ್ತ, ಸತ್ತ ಭಾಗಕ್ಕೆ ಕಡಿಮೆ. ಅಂಗಾಂಶದ ರಾಸಾಯನಿಕಗಳನ್ನು ತೋರುವ ಸ್ಪೆಕ್ಟ್ರೋಸ್ಕೋಪಿಯಲ್ಲಿ ಗಡ್ಡೆಯಿದ್ದರೆ ಕೋಲೀನ್ ಏರಿರುತ್ತದೆ. ಸತ್ತ ಅಂಗಾಂಶದಲ್ಲಿ ಲಿಪಿಡ್, ಲ್ಯಾಕ್ಟೇಟ್ ಎದ್ದು ಕಾಣುತ್ತವೆ. ಸಕ್ಕರೆ ಆಧಾರದ ಪೆಟ್ ಸ್ಕ್ಯಾನಿಗೆ ಇಲ್ಲೊಂದು ತೊಡಕಿದೆ: ಮಿದುಳು ಸಹಜವಾಗಿಯೇ ಬಹಳ ಸಕ್ಕರೆ ಬಳಸುವುದರಿಂದ ಗಡ್ಡೆ ಆ ಬೆಳಕಿನಲ್ಲಿ ಮರೆಯಾಗಬಹುದು. ಅಮೈನೋ ಆಮ್ಲ ಬಳಸುವ ಪೆಟ್ ಈ ತೊಡಕನ್ನು ಬಹುಮಟ್ಟಿಗೆ ಕಳೆಯುತ್ತದೆ.

ದಿನಾಂಕವೂ ಸಾಕ್ಷಿ ಹೇಳುತ್ತದೆ. ಮಿದುಳಿನ ಗಡ್ಡೆ ಚಿಕಿತ್ಸೆಗೆ ಹೇಗೆ ಸ್ಪಂದಿಸಿತೆಂದು ಅಳೆಯುವ 2010ರ ರಾನೋ ಮಾನದಂಡಗಳ ಪ್ರಕಾರ, ವಿಕಿರಣ ಮುಗಿದ ಮೊದಲ 12 ವಾರಗಳಲ್ಲಿ ಕಿರಣ ಬಿದ್ದ ಜಾಗದೊಳಗೇ ಹೊಳಪು ಹೆಚ್ಚಿದರೆ, ಅಷ್ಟರಿಂದಲೇ ರೋಗ ಬೆಳೆಯಿತೆನ್ನಬಾರದು. ಅದು ತಾತ್ಕಾಲಿಕ ಊತವಾಗಿರಬಹುದು. ಅಂಗಾಂಶ ಸಾಯುವ ಗಾಯ ಹೆಚ್ಚಾಗಿ ಆರು ತಿಂಗಳಿಂದ ಎರಡು ವರ್ಷಗಳ ನಡುವೆ ತಲೆದೋರುತ್ತದೆ. ಒಂದೇ ಮಚ್ಚೆಯಲ್ಲಿ ಗಡ್ಡೆ, ಗಾಯ ಎರಡೂ ಬೆರೆತಿರುವುದುಂಟು. ಸಂಶಯ ತೀರದಿದ್ದರೆ ಬಯಾಪ್ಸಿ ಮಾಡಬೇಕಾಗುತ್ತದೆ.

ರೋಗಿಯ ಮನೆಯವರು ಮಾಡಬೇಕಾದದ್ದು

ಯಾವ ಸ್ಕ್ಯಾನನ್ನೂ ಅದೊಂದನ್ನೇ ನೋಡಿ ತೀರ್ಮಾನಿಸಲಾಗದು. ಎಲ್ಲಿಗೆ, ಎಷ್ಟು ಗ್ರೇ, ಯಾವ ತಾರೀಖಿನವರೆಗೆ ಕಿರಣ ಕೊಡಲಾಯಿತು ಎಂಬುದು ಗೊತ್ತಿದ್ದರೆ ಮಾತ್ರ ಮಚ್ಚೆಯ ಅರ್ಥ ಬಿಡಿಸಲು ಸಾಧ್ಯ. ಆದ್ದರಿಂದ ಚಿಕಿತ್ಸೆ ಮುಗಿದ ದಿನವೇ ಆಸ್ಪತ್ರೆಯಿಂದ ವಿಕಿರಣದ ಸಾರಾಂಶ ಪತ್ರವನ್ನು ಕೇಳಿ ಪಡೆಯಿರಿ. ಹಳೆಯ ಸ್ಕ್ಯಾನುಗಳ ವರದಿ ಮಾತ್ರವಲ್ಲ, ಸಿಡಿಗಳನ್ನೂ ಜೋಪಾನ ಮಾಡಿ. ಪ್ರತಿ ಹೊಸ ಸ್ಕ್ಯಾನಿಗೆ ಅವನ್ನೆಲ್ಲ ತಪ್ಪದೆ ಕೊಂಡೊಯ್ಯಿರಿ.