ಅರ್ಜಿ ತುಂಬುವಾಗ ಪುಟ ಮಾಯ ಆಯ್ತಾ? ಒತ್ತಿದ ಕೀ ಯಾವುದು ನೋಡಿ

ಗುಂಡ್ಲುಪೇಟೆ: ಹಿಮವದ್ ಗೋಪಾಲಸ್ವಾಮಿ ಬೆಟ್ಟದ ತಪ್ಪಲಿನ ಹಂಗಳ ಕಡೆಯಿಂದ ಕೂಲಿ ಬಿಟ್ಟು, ಬಸ್ ಹಿಡಿದು ಬಂದು ಸೈಬರ್ ಸೆಂಟರ್‌ನಲ್ಲಿ ಸೇವಾ ಸಿಂಧು ಅರ್ಜಿ ಹಾಕಿಸೋರಿಗೆ, ಅರ್ಧ ತುಂಬಿದ ಪುಟ ಮಾಯವಾದರೆ ಇಡೀ ದಿನವೇ ಹಾಳು. ಎಷ್ಟೋ ಸಲ ತಪ್ಪು ನೆಟ್‌ವರ್ಕ್‌ದಲ್ಲ, ಬೆರಳು ಬಿದ್ದ ಕೀದು.

ಯಾಕೆ ಹೀಗೆ?
ಒಂದೇ ಕೀ ಎಲ್ಲಾ ಕಂಪ್ಯೂಟರ್‌ನಲ್ಲೂ ಒಂದೇ ಕೆಲಸ ಮಾಡಲ್ಲ. ವಿಂಡೋಸ್ ಮತ್ತು ಉಬುಂಟುನಲ್ಲಿ ಹೆಚ್ಚಿನ ಶಾರ್ಟ್‌ಕಟ್‌ಗೆ ಕಂಟ್ರೋಲ್ ಕೀ, ಆಪಲ್ ಮ್ಯಾಕ್‌ನಲ್ಲಿ ಕಮಾಂಡ್ ಕೀ. ಪ್ರಿಂಟ್‌ಗೆ ವಿಂಡೋಸ್‌ನಲ್ಲಿ ಕಂಟ್ರೋಲ್ ಜತೆ ಪಿ ಒತ್ತಿದರೆ, ಮ್ಯಾಕ್‌ನಲ್ಲಿ ಕಮಾಂಡ್ ಜತೆ ಪಿ.

ಎಚ್ಚರ ಬೇಕಾದ ಕೀಗಳು
* ಕಂಟ್ರೋಲ್ + ಡಬ್ಲ್ಯು: ತೆರೆದಿರುವ ಟ್ಯಾಬ್ ಮುಚ್ಚುತ್ತೆ.
* ಪಕ್ಕದ ಕ್ಯೂ ಇನ್ನೂ ಅಪಾಯ. ಮ್ಯಾಕ್‌ನಲ್ಲಿ ಕಮಾಂಡ್ + ಕ್ಯೂ, ಉಬುಂಟುನ ಫೈರ್‌ಫಾಕ್ಸ್‌ನಲ್ಲಿ ಕಂಟ್ರೋಲ್ + ಕ್ಯೂ ಒತ್ತಿದರೆ ಇಡೀ ಬ್ರೌಸರೇ ಮುಚ್ಚಬಹುದು.
* ಎಫ್5 ಅಥವಾ ಕಂಟ್ರೋಲ್ + ಆರ್: ಪುಟ ಹೊಸದಾಗಿ ಲೋಡ್ ಆಗಿ, ಟೈಪ್ ಮಾಡಿದ್ದು ಹೋಗಬಹುದು.

ಟ್ಯಾಬ್ ಮುಚ್ಚಿಹೋದರೆ ಕಂಟ್ರೋಲ್ + ಶಿಫ್ಟ್ + ಟಿ ಒತ್ತಿ, ವಾಪಸ್ ಬರುತ್ತೆ. ಮ್ಯಾಕ್ ಆದರೆ ಕಂಟ್ರೋಲ್ ಬದಲು ಕಮಾಂಡ್. ಆದರೆ ತುಂಬಿದ ವಿವರ ಎಲ್ಲಾ ಉಳಿದಿರುತ್ತೆ ಅಂತ ನಂಬಬೇಡಿ.

ಕನ್ನಡ ಟೈಪಿಂಗ್ ತಂದ ಗೊಂದಲ
ಕೆಲವು ವೆಬ್ ಪುಟಗಳು ತಮ್ಮದೇ ಶಾರ್ಟ್‌ಕಟ್ ಇಟ್ಟಿರುತ್ತವೆ. ಜಿಮೇಲ್‌ನಲ್ಲಿ ಸೆಟ್ಟಿಂಗ್ಸ್‌ಗೆ ಹೋಗಿ ಆನ್ ಮಾಡಿಕೊಂಡರೆ, ಬರೀ 'ಸಿ' ಕೀ ಒತ್ತಿದರೆ ಹೊಸ ಮೇಲ್ ತೆರೆಯುತ್ತೆ. ಆದರೆ ಕೆ.ಪಿ. ರಾವ್ ಕೀಲಿಮಣೆ ಆನ್ ಇದ್ದರೆ ಅದೇ ಕೀ 'ಚ' ಆಗುತ್ತೆ, ಇನ್‌ಸ್ಕ್ರಿಪ್ಟ್‌ನಲ್ಲಿ 'ಮ'. ಇಂಗ್ಲಿಷ್ ಅಕ್ಷರಕ್ಕೇ ಕಾಯುವ ಪುಟ ಆಗ ಸುಮ್ಮನಿರುತ್ತೆ. ಕೀಬೋರ್ಡ್ ಕೆಟ್ಟಿದೆ ಅಂತ ಬಡಿಯೋ ಮೊದಲು ಭಾಷೆ ಬದಲಿಸಿ ನೋಡಿ: ವಿಂಡೋಸ್‌ನಲ್ಲಿ ವಿಂಡೋಸ್ ಕೀ + ಸ್ಪೇಸ್, ಉಬುಂಟುನಲ್ಲೂ ಅದೇ, ಮ್ಯಾಕ್‌ನಲ್ಲಿ ಕಂಟ್ರೋಲ್ + ಸ್ಪೇಸ್.

ಪುಟ ಮಾಡಿದವರು ಒಂದು ಗುಂಡಿಗೆ ಶಾರ್ಟ್‌ಕಟ್ ಅಕ್ಷರ ಕೊಟ್ಟಿದ್ದರೆ, ವಿಂಡೋಸ್ ಕ್ರೋಮ್‌ನಲ್ಲಿ ಆಲ್ಟ್ ಜತೆ, ಫೈರ್‌ಫಾಕ್ಸ್‌ನಲ್ಲಿ ಆಲ್ಟ್ + ಶಿಫ್ಟ್ ಜತೆ, ಮ್ಯಾಕ್‌ನಲ್ಲಿ ಕಂಟ್ರೋಲ್ + ಆಪ್ಷನ್ ಜತೆ ಆ ಅಕ್ಷರ ಒತ್ತಬೇಕು.

ಅಂಗಡಿಯವರಿಗೆ ಒಂದು ಮಾತು
ಉದ್ದದ ವಿವರವನ್ನು ಮೊದಲು ನೋಟ್‌ಪ್ಯಾಡ್‌ನಲ್ಲಿ ಟೈಪ್ ಮಾಡಿ, ಆಮೇಲೆ ಅರ್ಜಿಗೆ ಪೇಸ್ಟ್ ಮಾಡಿ. ಅರ್ಜಿ ಸಲ್ಲಿಸಿದ ತಕ್ಷಣ ಸ್ವೀಕೃತಿ ಪುಟವನ್ನು ಪ್ರಿಂಟ್ ಕೀ ಒತ್ತಿ ಪಿಡಿಎಫ್ ಆಗಿ ಉಳಿಸಿ. ಕೊನೇ ದಿನಾಂಕದ ಹಿಂದಿನ ದಿನ ಬಂದವರಿಗೆ ಇನ್ನೊಂದು ಸಲ ಬರೋಕೆ ಟೈಮ್ ಇರಲ್ಲ.