ಸಂಜೆಗೆ ಕಡಲು, ಬೆಳಿಗ್ಗೆಗೆ ಹೊಳೆ

ತಲಪಾಡಿಯಲ್ಲಿ ಕೇರಳವನ್ನು ಬಿಟ್ಟು ಮಾಜಾಳಿಯಲ್ಲಿ ಗೋವಾ ಗಡಿ ಮುಟ್ಟುವ ತನಕ ರಾಷ್ಟ್ರೀಯ ಹೆದ್ದಾರಿ 66 ನಮ್ಮ ಕರಾವಳಿಯ ಮೂರು ಜಿಲ್ಲೆಗಳನ್ನು ಹಾದು ಹೋಗುತ್ತದೆ. ಮಂಗಳೂರಿನಿಂದ ಕಾರವಾರಕ್ಕೆ ಸುಮಾರು 270 ಕಿ.ಮೀ. ದೊಡ್ಡವರಷ್ಟೇ ಹೊರಟರೆ ಬೆಳಿಗ್ಗೆ ಬನ್ಸ್ ತಿಂದು ಕಾರು ಹತ್ತಿ, ತುಸು ತಡವಾದ ಊಟಕ್ಕೆ ಕಾರವಾರ ತಲುಪಬಹುದು. ಹಿಂದಿನ ಸೀಟಿನಲ್ಲಿ ಆರು ವರ್ಷದವಳೊಬ್ಬಳು, ಒಂಬತ್ತು ವರ್ಷದವನೊಬ್ಬ ಕೂತಿದ್ದರೆ ಇದೇ ದಾರಿಗೆ ಕನಿಷ್ಠ ಮೂರು ರಾತ್ರಿ ಬೇಕು. ಆ ರಾತ್ರಿಗಳನ್ನು ಎಲ್ಲಿ ಕಳೆಯುತ್ತೀರಿ ಎಂಬುದರ ಮೇಲೆ ಇಡೀ ಪ್ರವಾಸ ನಿಂತಿದೆ.

ಸಾಮಾನ್ಯವಾಗಿ ನಾವು ಮಾಡುವುದು ಹೀಗೆ: ನೋಡಬೇಕಾದ ದೇವಸ್ಥಾನ, ಬೀಚುಗಳ ಪಟ್ಟಿ ಬರೆದುಕೊಂಡು, ಕತ್ತಲಾದಾಗ ಯಾವ ಊರು ಸಿಗುತ್ತದೋ ಅಲ್ಲಿ ರೂಮು ಹುಡುಕುವುದು. ಮಕ್ಕಳಿದ್ದಾಗ ಲೆಕ್ಕವನ್ನು ತಿರುವಿ ಹಾಕಬೇಕು. ಮೊದಲು ರಾತ್ರಿಗಳನ್ನು ಗೊತ್ತು ಮಾಡಿ, ಉಳಿದದ್ದನ್ನು ಅವುಗಳ ನಡುವೆ ತುಂಬಿಸಿ. ಆ ರಾತ್ರಿಗಳಿಗೆ ನನ್ನ ಶಿಫಾರಸು ಬೀಚ್ ಅಲ್ಲ, ಅಳಿವೆ.

ಈ ದಾರಿ ಕಡಲಿನದ್ದು ಎಂದು ಎಲ್ಲರೂ ಹೇಳುತ್ತಾರೆ. ನಿಜವಾಗಿ ಇದು ಹೊಳೆಗಳ ದಾರಿ. ನೇತ್ರಾವತಿ, ಫಲ್ಗುಣಿ, ಶಾಂಭವಿ, ಸ್ವರ್ಣಾ, ಸೀತಾ, ಕುಂದಾಪುರದ ಪಂಚಗಂಗಾವಳಿ, ಹೊನ್ನಾವರದ ಶರಾವತಿ, ಕುಮಟಾದ ಅಘನಾಶಿನಿ, ಅಂಕೋಲೆಯ ಗಂಗಾವಳಿ, ಕಾರವಾರದ ಕಾಳಿ. ಒಂದು ಸೇತುವೆ ದಾಟಿ ತೆಂಗಿನ ತೋಟ ಮುಗಿಯುವಷ್ಟರಲ್ಲಿ ಇನ್ನೊಂದು ಸೇತುವೆ. ಕಡಲು ಮಕ್ಕಳಿಗೆ ದಿನಕ್ಕೆ ಒಂದೂವರೆ ತಾಸಿನ ಆಟ, ಅದೂ ಸಂಜೆ. ಬೆಳಿಗ್ಗೆ ಹತ್ತು ಗಂಟೆಗೆಲ್ಲ ಹೊಯ್ಗೆ ಕಾದು ಕಾಲು ಸುಡುತ್ತದೆ. ಹೊಳೆಯ ಬದಿಯಲ್ಲಾದರೆ ನೆರಳಿದೆ, ದೋಣಿಯಿದೆ, ಅಲೆಯಿಲ್ಲ. ಇನ್ನೊಂದು ಮಾತು: ಹಳೆಯ ಬಂದರುಗಳೆಲ್ಲ ಅಳಿವೆಯ ಬಾಯಲ್ಲೇ ಬೆಳೆದವು, ಹಾಗಾಗಿ ತಾಲ್ಲೂಕು ಆಸ್ಪತ್ರೆ, ಔಷಧದಂಗಡಿ, ಬೆಳಿಗ್ಗೆ ಬೇಗ ತೆರೆಯುವ ಹೋಟೆಲು ಎಲ್ಲ ಇರುವುದೂ ಅಲ್ಲೇ. ರಾತ್ರಿ ಹನ್ನೊಂದಕ್ಕೆ ಮಗುವಿಗೆ ಜ್ವರ ಬಂದಾಗ ರೂಮಿನ ಮುಂದಿರುವ ಕಡಲ ನೋಟ ಏನೂ ಸಹಾಯ ಮಾಡುವುದಿಲ್ಲ.

ದಿಕ್ಕಿನ ವಿಷಯವನ್ನೂ ಇಲ್ಲೇ ಹೇಳಿಬಿಡಬೇಕು. ದಕ್ಷಿಣದಿಂದ ಉತ್ತರಕ್ಕೆ ಹೋಗಿ. ಆಗ ಕಡಲು ನಿಮ್ಮ ಎಡಕ್ಕೆ, ನಿಮ್ಮದೇ ಪಥದ ಮಗ್ಗುಲಲ್ಲಿ ಇರುತ್ತದೆ. ಮಧ್ಯದ ಡಿವೈಡರ್ ಬಂದ ಮೇಲೆ ಬಲಬದಿಗೆ ಕಂಡ ಹೋಟೆಲಿಗೆ ಹೋಗಬೇಕೆಂದರೆ ಮುಂದಿನ ಯು-ತಿರುವು ಹುಡುಕಿಕೊಂಡು ಹೋಗಿ ಹಿಂದೆ ಬರಬೇಕು. ಅಷ್ಟರಲ್ಲಿ ಮಗು ಮೂತ್ರಕ್ಕೆಂದು ಎರಡು ಸಲ ಕೂಗಿರುತ್ತದೆ. ಒಂದೇ ತೊಂದರೆಯೆಂದರೆ ಮಧ್ಯಾಹ್ನದ ನಂತರ ಬಿಸಿಲೂ ಎಡದಿಂದಲೇ ಬರುತ್ತದೆ. ಆ ಕಿಟಕಿಗೆ ಒದ್ದೆ ಟವೆಲು ಸಿಕ್ಕಿಸಿದರಾಯಿತು, ಬಟ್ಟೆಯೂ ಒಣಗುತ್ತದೆ.

ಬೆಂಗಳೂರು, ಮೈಸೂರು ಕಡೆಯಿಂದ ಬರುವವರ ಮಕ್ಕಳ ಹೊಟ್ಟೆಯನ್ನು ಶಿರಾಡಿಯೋ ಚಾರ್ಮಾಡಿಯೋ ಘಟ್ಟ ಮೊದಲೇ ತೊಳಸಿರುತ್ತದೆ. ಆ ದಿನ ಏನನ್ನೂ ತೋರಿಸಲು ಹೋಗಬಾರದು. ಮೊದಲ ರಾತ್ರಿಗೆ ಉಡುಪಿಯ ಪಶ್ಚಿಮಕ್ಕೆ, ಮಲ್ಪೆ ದಾಟಿ ಹೂಡೆ, ಕೋಡಿಬೆಂಗ್ರೆ ಕಡೆ ಹೋಗಿ. ಅಲ್ಲಿ ನೆಲ ಕಿರಿದಾಗುತ್ತಾ ಹೋಗಿ ಒಂದು ಬದಿಗೆ ಕಡಲು, ಇನ್ನೊಂದು ಬದಿಗೆ ಸ್ವರ್ಣೆಯ ಹಿನ್ನೀರು, ನಡುವೆ ರಸ್ತೆ, ಕೆಲವು ಮನೆ, ಒಣಗಲು ಹಾಕಿದ ಮೀನು. ರಾತ್ರಿ ಊಟಕ್ಕೆ ಕುಚ್ಚಲಕ್ಕಿ ಗಂಜಿ, ಉಪ್ಪಿನಕಾಯಿ ಸಿಕ್ಕರೆ ಘಟ್ಟ ಇಳಿದು ಬಂದ ಹೊಟ್ಟೆಗೆ ಅದಕ್ಕಿಂತ ಒಳ್ಳೆಯ ಮದ್ದಿಲ್ಲ. ಮರುದಿನ ಬೆಳಿಗ್ಗೆ ಮಲ್ಪೆಯಿಂದ ದೋಣಿ ಹತ್ತಿ ಸೇಂಟ್ ಮೇರೀಸ್ ದ್ವೀಪ: ಲಾವಾರಸ ತಣಿದು ಬಿರುಕುಬಿಟ್ಟು ಕಂಬಕಂಬವಾಗಿ ನಿಂತ ಕಲ್ಲುಗಳು. ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಣೆಯಾದ ಜಾಗ. ಕಂಬದ ಮೂಲೆಗಳನ್ನು ಎಣಿಸಿ ನೋಡು ಎಂದು ಮಗುವಿಗೆ ಕೆಲಸ ಕೊಡಿ, ಅರ್ಧ ತಾಸು ಮಾತಿರುವುದಿಲ್ಲ. ಕುಡಿಯುವ ನೀರು, ಟೋಪಿ ನೀವೇ ಒಯ್ಯಬೇಕು. ಕೃಷ್ಣ ಮಠವನ್ನು ಸಂಜೆಗೆ ಇಟ್ಟುಕೊಂಡು ಎರಡನೆಯ ರಾತ್ರಿಯನ್ನೂ ಇಲ್ಲೇ ಕಳೆದರೆ ನಷ್ಟವೇನಿಲ್ಲ. ದಿನಕ್ಕೊಂದು ಊರೆಂದು ಪ್ರತಿ ಬೆಳಿಗ್ಗೆ ಬ್ಯಾಗು ಕಟ್ಟುವುದೇ ಮಕ್ಕಳಿಗೂ ಅಮ್ಮಂದಿರಿಗೂ ಅತಿ ದೊಡ್ಡ ಸುಸ್ತು.

ದೀಪಾವಳಿಯ ನಂತರದ ದಿನಗಳಾದರೆ ಬ್ರಹ್ಮಾವರ, ಮಂದಾರ್ತಿ, ಕುಂದಾಪುರದ ಸುತ್ತ ಯಕ್ಷಗಾನದ ಹರಕೆ ಬಯಲಾಟ ಎಲ್ಲಾದರೂ ಇದ್ದೇ ಇರುತ್ತದೆ. ಉಳಿದುಕೊಂಡ ಮನೆಯವರನ್ನು ಕೇಳಿದರೆ ಹೇಳುತ್ತಾರೆ. ಟಿಕೆಟ್ಟಿಲ್ಲ. ಆಟ ಪೂರ್ತಿ ನೋಡಲು ಮಕ್ಕಳಿಂದಾಗದು, ನೋಡಬೇಕಾದದ್ದು ಕಲಾವಿದರು ವೇಷ ಕಟ್ಟುವ ಚೌಕಿ. ನೆಲಕ್ಕೆ ಚಾಪೆ ಹಾಸಿ, ಕೈಗನ್ನಡಿ ಹಿಡಿದು, ಈಗಷ್ಟೇ ಚಾ ಕುಡಿದ ಮನುಷ್ಯನೊಬ್ಬ ತನ್ನದೇ ಮುಖಕ್ಕೆ ಬಣ್ಣ ಬಳಿದುಕೊಂಡು ಕಣ್ಣೆದುರೇ ರಾಕ್ಷಸನಾಗುವುದನ್ನು ಕಂಡ ಮಗು ಅದನ್ನು ವರ್ಷಗಟ್ಟಲೆ ಮರೆಯದು. ತುಸು ದೂರ ಕೂರಿಸಿ, ಕಲಾವಿದರನ್ನು ಮಾತಾಡಿಸಿ ತೊಂದರೆ ಕೊಡದಿದ್ದರೆ ಸಾಕು.

ಮುಂದಿನ ದಾರಿಯಲ್ಲಿ ಕೋಟ ಸಿಗುತ್ತದೆ. ದೊಡ್ಡವರಿಗೆ ಕಾದಂಬರಿ ಬರೆಯುತ್ತಲೇ ಮಕ್ಕಳಿಗಾಗಿ ‘ಬಾಲ ಪ್ರಪಂಚ’ದಂಥ ವಿಶ್ವಕೋಶವನ್ನು ಒಬ್ಬರೇ ಕೂತು ಬರೆದ ಶಿವರಾಮ ಕಾರಂತರ ಊರು. ಆಮೇಲೆ ಮರವಂತೆ. ಎಡಕ್ಕೆ ಕಡಲು, ಬಲಕ್ಕೆ ಸೌಪರ್ಣಿಕಾ, ಇವೆರಡರ ನಡುವೆ ಹೆದ್ದಾರಿ. ನೋಟ ಎಷ್ಟು ಚೆಂದವೋ ಅಪಾಯವೂ ಅಷ್ಟೇ, ಏಕೆಂದರೆ ಕಾರುಗಳೆಲ್ಲ ಇಲ್ಲಿ ಇದ್ದಕ್ಕಿದ್ದಂತೆ ನಿಲ್ಲುತ್ತವೆ. ಸರಿಯಾದ ಜಾಗ ನೋಡಿ ನಿಲ್ಲಿಸಿ, ಮಕ್ಕಳನ್ನು ಎಡ ಬಾಗಿಲಿನಿಂದಲೇ ಇಳಿಸಿ.

ಮುರ್ಡೇಶ್ವರ ನೋಡಲೇಬೇಕು ಎಂದು ಮಕ್ಕಳೇ ಹಟ ಹಿಡಿಯುತ್ತಾರೆ. 123 ಅಡಿ ಎತ್ತರದ ಶಿವ, 237 ಅಡಿಗೂ ಮೀರಿದ ಗೋಪುರ, ಅದರೊಳಗೆ ಮೇಲೆ ಹೋಗಲು ಲಿಫ್ಟ್. ಬೇಡ ಎನ್ನುವುದಾದರೂ ಹೇಗೆ? ನೋಡಿ, ಲಿಫ್ಟ್ ಹತ್ತಿ, ಇಳಿದು, ಹೊರಡಿ. ಅಲ್ಲಿ ರಾತ್ರಿ ತಂಗುವುದೆಂದರೆ ಜನಜಂಗುಳಿಯಲ್ಲಿ ಮಕ್ಕಳ ಕೈ ಹಿಡಿದುಕೊಂಡೇ ಸಂಜೆ ಕಳೆಯುವುದು. ಆ ಕಡಲೂ ಸೌಮ್ಯವಲ್ಲ. 2024ರ ಡಿಸೆಂಬರಿನಲ್ಲಿ ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ಅಲ್ಲಿ ನೀರುಪಾಲಾದರು. ಕೆಂಪು ಬಾವುಟ ಕಂಡರೆ, ಜೀವರಕ್ಷಕ ಸೀಟಿ ಊದಿದರೆ, ‘ಮೊಣಕಾಲಷ್ಟೇ ಅಲ್ವಾ’ ಎಂಬ ವಾದ ಬೇಡ. ಹಿಂದೆ ಸರಿಯುವ ಅಲೆ ಕಾಲಡಿಯ ಮರಳನ್ನೇ ಎಳೆದುಕೊಂಡು ಹೋಗುತ್ತದೆ.

ಅಲ್ಲಿಂದ ಮೂವತ್ತು ಕಿಲೋಮೀಟರಿಗಿಂತ ಕಡಿಮೆ ದೂರದಲ್ಲಿ ಹೊನ್ನಾವರ. ಈ ಬರಹದ ಉದ್ದೇಶವೇ ಈ ಊರು. ಬಹಳ ಮಂದಿಗೆ ಹೊನ್ನಾವರವೆಂದರೆ ಶರಾವತಿಯ ಉದ್ದನೆಯ ಸೇತುವೆ ಮತ್ತು ಜೋಗಕ್ಕೆ ತಿರುಗುವ ರಸ್ತೆ, ಅಷ್ಟೇ. ಮಕ್ಕಳೊಂದಿಗೆ ಎರಡು ರಾತ್ರಿ ನಿಲ್ಲಲು ಇಡೀ ಕರಾವಳಿಯಲ್ಲಿ ಇದಕ್ಕಿಂತ ಹೇಳಿ ಮಾಡಿಸಿದಂಥ ಜಾಗ ಇನ್ನೊಂದಿಲ್ಲ ಎಂಬುದು ನನ್ನ ಅಭಿಪ್ರಾಯ. ಗೋಕರ್ಣದವರು ಸಿಟ್ಟಾದರೂ ಚಿಂತೆಯಿಲ್ಲ.

ಸೇತುವೆಯ ದಕ್ಷಿಣಕ್ಕೆ ಕಾಸರಕೋಡು. ಇಲ್ಲಿನ ಬೀಚಿಗೂ ಪಡುಬಿದ್ರಿಯ ಬೀಚಿಗೂ 2020ರಲ್ಲಿ ಬ್ಲೂ ಫ್ಲ್ಯಾಗ್ ಮಾನ್ಯತೆ ಸಿಕ್ಕಿತು. ಹಾಗೆಂದರೆ ಮಕ್ಕಳ ಅಪ್ಪ-ಅಮ್ಮನ ಭಾಷೆಯಲ್ಲಿ ಶೌಚಾಲಯ, ಸಿಹಿನೀರಿನ ಸ್ನಾನ, ಈಜಲು ಗುರುತು ಮಾಡಿದ ಜಾಗ, ಕಾವಲಿಗೆ ಜೀವರಕ್ಷಕರು. ಸಂಜೆ ನಾಲ್ಕಕ್ಕೆ ಇಲ್ಲಿರಬೇಕು. ಡಿಸೆಂಬರಿನಲ್ಲಿ ಆರು ಗಂಟೆ ಕಳೆಯುತ್ತಲೇ ಸೂರ್ಯ ಮುಳುಗುತ್ತಾನೆ, ಆಮೇಲೆ ಮೈಗಂಟಿದ ಮರಳು ತೊಳೆಯಲು ಅರ್ಧ ತಾಸು ಬೇಕು. ಪಕ್ಕದ ಅಪ್ಸರಕೊಂಡದಲ್ಲಿ ಸಣ್ಣ ಜಲಪಾತ, ಗುಡ್ಡದ ಮೇಲಿನಿಂದ ಕಡಲ ನೋಟ. ಈ ಕಿನಾರೆಗೆ ಚಳಿಗಾಲದಲ್ಲಿ ಆಲಿವ್ ರಿಡ್ಲೆ ಕಡಲಾಮೆಗಳು ಮೊಟ್ಟೆಯಿಡಲು ಬರುತ್ತವೆ, ಅರಣ್ಯ ಇಲಾಖೆಯವರು ಅವನ್ನು ಬೇಲಿ ಹಾಕಿ ಕಾಯುತ್ತಾರೆ. ಮರಿಗಳನ್ನು ಕಡಲಿಗೆ ಬಿಡುವ ದಿನ ಸಿಕ್ಕರೆ ಅದೃಷ್ಟ. ಹಾಗೆಂದು ರಾತ್ರಿ ಟಾರ್ಚು ಹಿಡಿದು ಆಮೆ ಹುಡುಕಲು ಹೋಗಬೇಡಿ, ಬೆಳಕು ಕಂಡರೆ ಅವು ದಿಕ್ಕು ತಪ್ಪುತ್ತವೆ. ಇದೇ ಕಾಸರಕೋಡಿನ ಟೊಂಕದಲ್ಲಿ ಬಂದರು ಯೋಜನೆಯ ವಿರುದ್ಧ ಮೀನುಗಾರರು ವರ್ಷಗಳಿಂದ ಹೋರಾಡುತ್ತಿದ್ದಾರೆ. ಮಗು ಫಲಕ ಓದಿ ಏನೆಂದು ಕೇಳಿದರೆ ಹೇಳಿ, ಅದೂ ಈ ಊರಿನ ಪರಿಚಯವೇ.

ಬೆಳಿಗ್ಗೆ ಹೊಳೆಯದು. ಶರಾವತಿಯ ಹಿನ್ನೀರಿನಲ್ಲಿ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ನಡುವೆ ಮರದ ಹಲಗೆಯ ನಡೆದಾರಿ ಮಾಡಿದ್ದಾರೆ. ಯಾವಾಗ ಹೋಗಬೇಕು ಎಂಬುದನ್ನು ಗಡಿಯಾರ ಹೇಳುವುದಿಲ್ಲ, ದೋಣಿಯವರು ಹೇಳುತ್ತಾರೆ. ‘ನೀರು ಇಳದ್ಮೇಲೆ ಬನ್ನಿ, ಈಗ ಎಂತದೂ ಕಾಣೂದಿಲ್ಲ’ ಎಂದರೆ ಹೋಟೆಲಿಗೆ ಹೋಗಿ ಇನ್ನೊಂದು ದೋಸೆ ತಿಂದು ಬರುವುದೇ ಸರಿ. ಉಬ್ಬರವಿದ್ದಾಗ ಬರೀ ಎಲೆ ಮತ್ತು ನೀರು. ಇಳಿತ ಬಂತೆಂದರೆ ಕೆಸರು ಬಾಯಿಬಿಡುತ್ತದೆ. ಒಂದು ಜಾತಿಯ ಗಿಡದ ಬೇರು ಕಾಂಡದಿಂದಲೇ ಕಮಾನು ಕಟ್ಟಿ ಕೆಳಗಿಳಿದಿರುತ್ತದೆ, ಇನ್ನೊಂದರ ಬೇರು ಪೆನ್ಸಿಲು ನೆಟ್ಟಂತೆ ಕೆಸರಿನಿಂದ ಮೇಲೆದ್ದಿರುತ್ತದೆ. ಕೆಸರಿನಲ್ಲಿ ಗಾಳಿಯಿಲ್ಲದ ಕಾರಣ ಬೇರೇ ಮೇಲೆ ಬಂದು ಉಸಿರಾಡುತ್ತದೆ. ಕೊಂಬೆಯಲ್ಲಿ ನೇತಾಡುವ ಹಸಿರು ಕೋಡುಗಳು ಕಾಯಲ್ಲ, ಮರದ ಮೇಲೇ ಮೊಳೆತ ಸಸಿಗಳು. ಉದುರಿ ಕೆಸರಿಗೆ ಚುಚ್ಚಿಕೊಂಡರೆ ಅಲ್ಲೇ ಗಿಡ. ಐದು ನಿಮಿಷ ಅಲುಗದೆ ನಿಂತರೆ ಬಿಲಗಳಿಂದ ಏಡಿಗಳು ಹೊರಬರುತ್ತವೆ. ಗಂಡಿನ ಒಂದು ಮುಂಗಾಲು ಮೈಯಷ್ಟೇ ದೊಡ್ಡದು. ಅದನ್ನೆತ್ತಿ ಎತ್ತಿ ಬೀಸಿ ಹೆಣ್ಣನ್ನು ಕರೆಯುತ್ತದೆ, ಯಾರಾದರೂ ಕೆಮ್ಮಿದರೆ ಸಾಕು, ಇಡೀ ಊರು ಬಿಲದೊಳಗೆ. ಮಕ್ಕಳು ತಾವಾಗಿಯೇ ಸುಮ್ಮನಾಗುವ ಜಾಗ ಈ ಲೋಕದಲ್ಲಿ ಅಪರೂಪ.

ಮಧ್ಯಾಹ್ನಕ್ಕೆ ದೋಣಿ ಸವಾರಿ, ಇಲ್ಲವೇ ಇಡಗುಂಜಿ ಗಣಪತಿ. ಮಕ್ಕಳಿಗೆ ಹುರುಪಿದ್ದರೆ ಅರವತ್ತು ಕಿ.ಮೀ. ಆಸುಪಾಸಿನ ಜೋಗ. ಅಲ್ಲಿ ಧುಮುಕುವ ಹೊಳೆಯೇ ರೂಮಿನ ಹಿಂದೆ ಹರಿಯುತ್ತಿದೆ ಎಂದು ಹೇಳಿದರೆ ಮೊದಲು ನಂಬುವುದಿಲ್ಲ.

ಇಲ್ಲಿ ದೊಡ್ಡ ರೆಸಾರ್ಟುಗಳಿಗಿಂತ ಹೋಂಸ್ಟೇಗಳೇ ಅನುಕೂಲ. ಫೋನಿನಲ್ಲಿ ಕೇಳಬೇಕಾದದ್ದು ಎಸಿ ಇದೆಯೇ ಎಂದಲ್ಲ. ಅಂಗಳದಲ್ಲಿ ಮರಳು ತೊಳೆಯಲು ನಲ್ಲಿ ಇದೆಯೇ, ಹೊಳೆಗೂ ಅಂಗಳಕ್ಕೂ ನಡುವೆ ಬೇಲಿ ಇದೆಯೇ, ಸೊಳ್ಳೆಪರದೆ ಕೊಡುತ್ತಾರೆಯೇ, ಮಕ್ಕಳಿಗೆ ಏಳು ಗಂಟೆಗೇ ಖಾರವಿಲ್ಲದ ಸಾರು-ಅನ್ನ ಬಡಿಸುತ್ತಾರೆಯೇ. ಕೊನೆಯ ಪ್ರಶ್ನೆಗೆ ‘ಅದೆಲ್ಲ ಎಂತ ಕೇಳೂದು, ಮಕ್ಕಳಿಗೆ ಮಾಡದೆ ಇರ್ತ್ವಾ’ ಎಂಬ ಉತ್ತರ ಬಂದರೆ ರೂಮು ಗಟ್ಟಿ ಮಾಡಿ.

ಹೊನ್ನಾವರದ ನಂತರದ್ದನ್ನು ಬೇಗ ಮುಗಿಸಬಹುದು. ಮಿರ್ಜಾನಿನ ಜಂಬಿಟ್ಟಿಗೆ ಕಲ್ಲಿನ ಕೋಟೆ ಓಡಾಡಲು ಚೆನ್ನಾಗಿದೆ; ಈ ಕೋಟೆಯ ನಂಟಿದ್ದ, ಪೋರ್ಚುಗೀಸರು ‘ಕಾಳುಮೆಣಸಿನ ರಾಣಿ’ ಎಂದು ಕರೆದ ಗೇರುಸೊಪ್ಪೆಯ ಚೆನ್ನಭೈರಾದೇವಿಯ ಕಥೆಯನ್ನು ಕಾರಿನಲ್ಲೇ ಹೇಳಿಬಿಡಿ. ಗೋಕರ್ಣದ ಹತ್ತಿರದ ಸಾಣಿಕಟ್ಟೆಗೆ ಬೇಸಿಗೆಯಲ್ಲಿ ಹೋದರೆ ಆಗರಗಳಲ್ಲಿ ಉಪ್ಪನ್ನು ಎಳೆದು ರಾಶಿ ಹಾಕುವುದು ಕಾಣುತ್ತದೆ. ಗೋಕರ್ಣದಲ್ಲಿ ದೇವರ ದರ್ಶನ ಸರಿ. ಓಂ ಬೀಚಿನ ಬಂಡೆ, ಮೆಟ್ಟಿಲುಗಳು ಸಣ್ಣವರಿಗಲ್ಲ, ಶಿವರಾತ್ರಿಯ ಹೊತ್ತಿನಲ್ಲಂತೂ ಮಕ್ಕಳೊಂದಿಗೆ ಆ ಕಡೆ ಬೇಡ.

ಕೊನೆಯ ರಾತ್ರಿ ಕಾರವಾರ. ಊರಿಗೇ ಅಂಟಿಕೊಂಡ ಕಡಲತೀರ, ಅದರ ಮೇಲೇ ಐಎನ್ಎಸ್ ಚಾಪಲ್ ಎಂಬ ನಿಜವಾದ ಯುದ್ಧನೌಕೆಯ ವಸ್ತುಸಂಗ್ರಹಾಲಯ. ಯುವಕ ರವೀಂದ್ರನಾಥ ಟಾಗೋರರು ಇಲ್ಲಿದ್ದು ನಾಟಕ ಬರೆದದ್ದು ದೊಡ್ಡವರ ಖುಷಿಗೆ, ನೌಕೆಯೊಳಗಿನ ಕಿರಿದಾದ ಏಣಿ ಮಕ್ಕಳ ಖುಷಿಗೆ.

ಹೊರಡುವ ತಿಂಗಳು ನವೆಂಬರಿನಿಂದ ಫೆಬ್ರುವರಿ. ಕ್ರಿಸ್ಮಸ್ ವಾರ ರೂಮು ಸಿಗುವುದಿಲ್ಲ, ಸಿಕ್ಕರೂ ಬಾಡಿಗೆ ಕೈಗೆಟುಕದು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳೇ ಕಡಲಿಗಿಳಿಯುವುದಿಲ್ಲ ಎಂದ ಮೇಲೆ ನಮಗೇನು ಕೆಲಸ? 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯನ್ನೂ ಜೀವಗಳನ್ನೂ ನುಂಗಿತು. ಮೂರು ವಾರದ ನಂತರ ಕಾಳಿಯ ಹಳೆಯ ಸೇತುವೆ ನಡುರಾತ್ರಿ ಮುರಿದುಬಿತ್ತು. ಮಳೆಗಾಲದಲ್ಲಿ ಈ ರಸ್ತೆ ಪ್ರವಾಸಿಗರದ್ದಲ್ಲ. ಯಾವ ಕಾಲದಲ್ಲೇ ಆಗಲಿ ಕತ್ತಲಾದ ಮೇಲೆ ಕಾರು ಓಡಿಸಬೇಡಿ. ಎದುರು ದಿಕ್ಕಿನಲ್ಲಿ ಬರುವ ಬೈಕುಗಳು, ಮಲಗಿದ ದನಗಳು, ಮೀನಿನ ಲಾರಿಯಿಂದ ಸೋರಿ ಜಾರುವ ನೀರು, ಎಲ್ಲವೂ ರಾತ್ರಿಯವು.

ಏಪ್ರಿಲ್ ಮೇ ರಜೆಯಲ್ಲೇ ಹೋಗಬೇಕಾದವರಿಗೆ ಸೆಕೆಯ ಜೊತೆ ಎರಡು ಲಾಭವಿದೆ: ಅಂಕೋಲೆಯ ಕರಿ ಈಶಾಡು ಮಾವು, ಕುಮಟಾದ ಬಳಿ ಹೆದ್ದಾರಿಯ ಬದಿಗೆ ಹೆಣೆದು ತೂಗುಹಾಕಿದ ಸಿಹಿ ಈರುಳ್ಳಿ ಗೊಂಚಲುಗಳು. ಹಿಂತಿರುಗುವಾಗ ಮಕ್ಕಳಿಗೆ ಮತ್ತೆ ಘಟ್ಟ ಬೇಡವೆನಿಸಿದರೆ ಕಾರವಾರದಿಂದ ಬೆಂಗಳೂರಿಗೆ ರಾತ್ರಿಯ ಪಂಚಗಂಗಾ ಎಕ್ಸ್‌ಪ್ರೆಸ್ ಇದೆ, ಮೊದಲೇ ಬುಕ್ ಮಾಡಬೇಕು. ಅಮ್ಮ ಮಕ್ಕಳು ಅದರಲ್ಲಿ ಮಲಗಿಕೊಂಡು ಹೋಗಲಿ. ಒದ್ದೆ ಬಟ್ಟೆಯ ಚೀಲ, ಈರುಳ್ಳಿ ಗೊಂಚಲು, ಸೀಟಿನಡಿಯ ಮರಳಿನೊಂದಿಗೆ ಅಪ್ಪ ಮರುದಿನ ಬೆಳಿಗ್ಗೆ ಅರಬೈಲು ಘಟ್ಟ ಹತ್ತಲಿ.