ಕಾಲು ಕೊಡಿ, ಅಮ್ಮ

ಆಷಾಢದಲ್ಲಿ ಪುಣೆಯ ನಾನಾ ಪೇಠೆಗೆ ಹೋದರೆ ಮುಖಗಳಿಗಿಂತ ಮೊದಲು ಕಣ್ಣಿಗೆ ಬೀಳುವುದು ಪಾದಗಳು. ದೇಹುವಿನಿಂದ ಹೊರಟ ತುಕಾರಾಮರ ಪಾಲಖಿ ಇಲ್ಲಿನ ನಿವಡುಂಗ್ಯಾ ವಿಠೋಬಾ ಗುಡಿಯಲ್ಲಿ ತಂಗುತ್ತದೆ. ಆಳಂದಿಯಿಂದ ಬಂದ ಜ್ಞಾನೇಶ್ವರರ ಪಾಲಖಿ ಪಕ್ಕದ ಭವಾನಿ ಪೇಠೆಯಲ್ಲಿ. ಎರಡೂ ಸೇರಬೇಕಾದ ಪಂಢರಪುರ ಇನ್ನೂ ಇನ್ನೂರು ಕಿಲೋಮೀಟರಿನಾಚೆ. ಮಳೆಯಲ್ಲಿ ನೆನೆದು ಬೆಳ್ಳಗಾದ ಹಿಮ್ಮಡಿ, ಬಿರುಕುಗಳಲ್ಲಿ ಕೂತ ಕೆಸರು, ಹೆಬ್ಬೆರಳಿಗೆ ಸುತ್ತಿದ ಹರಕು ಬಟ್ಟೆ. ಎಣ್ಣೆ ಬಾಟಲಿ ಹಿಡಿದು ಫುಟ್‌ಪಾತಿನಲ್ಲಿ ಕೂತ ಹುಡುಗರು ಪಾಲಖಿಯ ಜೊತೆ ನಡೆದು ಬಂದ ವಾರಕರಿಗಳನ್ನು ಕರೆಕರೆದು ಕಾಲು ಒತ್ತುತ್ತಾರೆ. ಚಪ್ಪಲಿ ಹೊಲಿಯುವವರು ಅವತ್ತು ಕಾಸು ಮುಟ್ಟುವುದಿಲ್ಲ. ಇಷ್ಟಾದರೂ ಎಷ್ಟೋ ಮುದುಕರು ಕಾಲು ಹಿಂದಕ್ಕೆಳೆದುಕೊಳ್ಳುತ್ತಾರೆ. ಪರಸ್ಪರ ಕಾಲಿಗೆರಗುವುದು ವಾರಕರಿಗಳ ರೂಢಿ. ಸುಮ್ಮನೆ ಕೂತು ಕಾಲು ಒತ್ತಿಸಿಕೊಳ್ಳುವುದು ಮಾತ್ರ ಅವರಿಗೆ ಮುಜುಗರ.

ಇದೇ ಪೇಠೆಯ ಅಂಚಿಗೆ, ಕ್ವಾರ್ಟರ್ ಗೇಟಿನ ಬಳಿ, ಸಿಟಿ ಚರ್ಚ್ ಇದೆ. ತಮ್ಮ ಸೈನ್ಯದಲ್ಲಿದ್ದ ಕಥೊಲಿಕರ ಪ್ರಾರ್ಥನೆಗೆಂದು ಸವಾಯಿ ಮಾಧವರಾವ್ ಪೇಶ್ವೆ ಕೊಟ್ಟ ಜಾಗದಲ್ಲಿ 1792ರಲ್ಲಿ ಶುರುವಾದ ಇಗರ್ಜಿ. ಈಸ್ಟರಿಗೆ ಮುಂಚಿನ ಪವಿತ್ರ ಗುರುವಾರದ ಸಂಜೆ ಕಥೊಲಿಕರ ಇಗರ್ಜಿಗಳಲ್ಲಿ ಪಾದ ತೊಳೆಯುವ ವಿಧಿ ನಡೆಯುತ್ತದೆ. ಸಾಲಾಗಿ ಕೂತವರೆದುರು ಗುರುಗಳು ಮೇಲಂಗಿ ಕಳಚಿ, ಸೊಂಟಕ್ಕೆ ಟವೆಲ್ ಕಟ್ಟಿ, ಮಂಡಿಯೂರಿ ಒಬ್ಬೊಬ್ಬರ ಪಾದಕ್ಕೂ ನೀರು ಹಾಕಿ ಒರೆಸುತ್ತಾರೆ. ಕೂತವರ ಪಾದಗಳನ್ನು ಗಮನಿಸಬೇಕು: ಉಗುರು ಕತ್ತರಿಸಿ, ಸೋಪು ಹಚ್ಚಿ, ಮನೆಯಲ್ಲೇ ತೊಳೆದುಕೊಂಡು ಬಂದಿರುತ್ತವೆ. ಕೊಳೆ ಪಾದ ತೋರಿಸಲು ಯಾರಿಗೂ ಮನಸ್ಸಿಲ್ಲ. ಯೋವಾನ್ನರ ಶುಭಸಂದೇಶದಲ್ಲೂ ಯೇಸು ಪಾದ ತೊಳೆಯಲು ಬಂದಾಗ ಶಿಷ್ಯ ಪೇತ್ರ ಮೊದಲು ಒಪ್ಪುವುದಿಲ್ಲ. ಗುರು ತನ್ನ ಕಾಲು ಮುಟ್ಟುವುದೇ ಎಂದು ತಡೆಯುತ್ತಾನೆ. 2013ರಲ್ಲಿ ಪೋಪ್ ಫ್ರಾನ್ಸಿಸ್ ರೋಮಿನ ಬಾಲಾಪರಾಧಿಗಳ ಜೈಲಿಗೆ ಹೋಗಿ ಹನ್ನೆರಡು ಮಂದಿಯ ಪಾದ ತೊಳೆದಾಗ ಅವರಲ್ಲಿ ಹುಡುಗಿಯರೂ ಮುಸಲ್ಮಾನರೂ ಇದ್ದರು.

ವರ್ಷಕ್ಕೊಮ್ಮೆಯ ಈ ವಿಧಿಯನ್ನೇ ದಿನದ ದುಡಿಮೆ ಮಾಡಿಕೊಂಡವರು ಈ ಊರಲ್ಲಿದ್ದಾರೆ. ಫಾತಿಮಾನಗರದ ಕಡೆಯ ಹಳೇ ಕಟ್ಟಡವೊಂದರ ಕೆಳಮನೆ. ಗೋಡೆಯ ಮೇಲೆ ಯೇಸುವಿನ ಪವಿತ್ರ ಹೃದಯದ ಪಟ, ಅದರ ಪಕ್ಕಕ್ಕೆ ಎರಡು ಅಂಗಾಲುಗಳ ಬಣ್ಣದ ನಕ್ಷೆ. ಬಂದವರಿಗೆ ಒರಗುಕುರ್ಚಿ, ಅಂಗಾಲು ಒತ್ತುವ ರಿಫ್ಲೆಕ್ಸಾಲಜಿ ಮಾಡುವ ಮಂಗಳೂರು ಕಡೆಯ ಹೆಂಗಸಿಗೆ ಮೊಣಕಾಲೆತ್ತರದ ಸ್ಟೂಲು. ಉಗುರು ಬೆರಳಿನ ಮಾಂಸದವರೆಗೂ ಕತ್ತರಿಸಿದ್ದು, ಕೈಗೆ ಬಳೆಯಿಲ್ಲ. ಸೊಸೆಯ ಜೊತೆ ಬಂದ ವಿಜಯಪುರದ ಅಜ್ಜಿ ಕುರ್ಚಿಯ ತುದಿಯಲ್ಲಿ ಮುದುಡಿ ಕೂತಿದ್ದಾರೆ.

“ಯವ್ವಾ, ನಿನ್ನ ತೊಡಿ ಮ್ಯಾಲ ನಾ ಕಾಲ ಇಡೂದೇನ? ಪಾಪ ಹತ್ತತೈತಿ.”

“ನೀವು ಕಾಲು ಕೊಡದಿದ್ರೆ ನಾನು ಕೆಲಸ ಮಾಡುವುದು ಹೇಗೆ? ಕೊಡಿ ಅಮ್ಮ.”

ಉಪ್ಪು ಹಾಕಿದ ಬಿಸಿನೀರಲ್ಲಿ ನೆನೆಸಿ, ಬೆರಳ ಸಂದಿಗಳನ್ನೂ ಬಿಡದೆ ಒರೆಸಿ, ಪೌಡರ್ ಸವರಿ, ಬಲಗಾಲನ್ನು ಟವೆಲಿನ ಮೇಲೆ ಇಟ್ಟುಕೊಂಡರು. ಹೆಬ್ಬೆರಳು ಕಂಬಳಿಹುಳದ ಹಾಗೆ ಮಡಚಿ ಬಿಚ್ಚುತ್ತ ಹಿಮ್ಮಡಿಯಿಂದ ಮೇಲಕ್ಕೆ ಸಾಗಿತು. ಅಜ್ಜಿಯ ಹುಬ್ಬು ಗಂಟಿಕ್ಕಿದಲ್ಲಿ ನಿಂತು, ಒತ್ತು ಸಡಿಲಿಸಿ, ಮತ್ತೆ ಮುಂದಕ್ಕೆ. ಸ್ವಲ್ಪ ಹೊತ್ತಿಗೆ ಅಜ್ಜಿ ಹಿಂದಕ್ಕೊರಗಿ ಊರಿನ ಜೋಳದ ಸುದ್ದಿ ತೆಗೆದರು.

ನಕ್ಷೆಯ ಲೆಕ್ಕದಲ್ಲಿ ಕಾಲ್ಬೆರಳು ಎಂದರೆ ತಲೆ, ಬೆರಳ ಬುಡದ ದಿಂಡು ಎದೆ, ಪಾದದ ಒಳ ಅಂಚು ಬೆನ್ನುಮೂಳೆ, ಬಲ ಅಂಗಾಲು ಯಕೃತ್ತಿನ ಜಾಗ. ದೇಹವನ್ನು ಉದ್ದಕ್ಕೆ ಹತ್ತು ವಲಯಗಳಾಗಿ ಭಾಗಿಸಿದವರು ಅಮೆರಿಕದ ಕಿವಿ-ಮೂಗು-ಗಂಟಲು ವೈದ್ಯ ವಿಲಿಯಂ ಫಿಟ್ಜ್‌ಜೆರಾಲ್ಡ್. ಅವರ ಪುಸ್ತಕ ಬಂದದ್ದು 1917ರಲ್ಲಿ. ಅದನ್ನು ಪಾದಕ್ಕೆ ಇಳಿಸಿ, 1938ರಲ್ಲಿ ತಮ್ಮದೇ ಪುಸ್ತಕ ಬರೆದು, ಊರೂರು ಸುತ್ತಿ ಕಲಿಸಿದವರು ಯೂನಿಸ್ ಇಂಗಮ್. ಇದಕ್ಕೆ ಧರ್ಮಸೇವೆಯ ದೀಕ್ಷೆ ಕೊಟ್ಟವರು ಸ್ವಿಟ್ಜರ್ಲೆಂಡಿನ ಪಾದ್ರಿ ಯೋಸೆಫ್ ಯೂಗ್‌ಸ್ಟರ್. 1970ರಲ್ಲಿ ತೈವಾನಿಗೆ ಹೋದ ಅವರಿಗೆ ಮೊಣಕಾಲು ನೋವು. ಸ್ವಿಸ್ ನರ್ಸೊಬ್ಬರ ಪುಸ್ತಕ ನೋಡಿ ಪಾದ ಒತ್ತಿಸಿಕೊಂಡು ಸುಧಾರಿಸಿದರು, ಆಮೇಲೆ ಹಳ್ಳಿಗರ ಪಾದ ಹಿಡಿದರು. ಅಲ್ಲಿನ ಎಷ್ಟೋ ಪಾದ ಮಸಾಜಿನ ಅಂಗಡಿಗಳ ಬೋರ್ಡಿನಲ್ಲಿ ಇಂದು ಅವರ ಚೀನೀ ಹೆಸರಿದೆ.

ಅಂಗಾಲು ಒತ್ತಿದರೆ ಯಕೃತ್ತು ಸರಿಹೋಗುತ್ತದೆ ಎಂಬುದಕ್ಕೆ ವೈದ್ಯವಿಜ್ಞಾನದಲ್ಲಿ ಆಧಾರ ಸಿಕ್ಕಿಲ್ಲ. ಯಾವ ಕಾಯಿಲೆಯನ್ನೂ ಇದು ಗುಣಪಡಿಸುತ್ತದೆಂದು ಸಾಬೀತಾಗಿಲ್ಲ. ಮೈ ಹಗುರಾಗುವುದು, ಮನಸ್ಸು ತಿಳಿಯಾಗುವುದು ಬೇರೆ ಮಾತು. ಈ ಹೆಂಗಸೂ ಅದಕ್ಕಿಂತ ಹೆಚ್ಚಿನದನ್ನು ಹೇಳಿಕೊಳ್ಳುವುದಿಲ್ಲ. “ಗುಣ ಮಾಡುವುದು ದೇವರು, ಔಷಧಿ ಕೊಡುವುದು ಡಾಕ್ಟರು. ನನ್ನದು ಹಿಡಿದುಕೊಳ್ಳುವ ಕೆಲಸ ಅಷ್ಟೆ” ಅನ್ನುತ್ತಾರೆ. ಮೇಜಿನ ಮೇಲೊಂದು ಮುಚ್ಚಳದ ಡಬ್ಬಿ. ಯಾರೆಷ್ಟು ಹಾಕಿದರೆಂದು ತಿರುಗಿ ನೋಡುವುದಿಲ್ಲ. ಕೆಲಸಕ್ಕೆ ಮೊದಲು ಶಿಲುಬೆಯ ಗುರುತು ಹಾಕಿಕೊಳ್ಳುತ್ತಾರೆ, ಬಂದವರಿಗೆ ಪ್ರಾರ್ಥನೆ ಹೇಳಿಕೊಡಲು ಹೋಗುವುದಿಲ್ಲ.

ಅಜ್ಜಿಯ ನಂತರ ಬಂದವರು ಹಡಪಸರದ ನಿವೃತ್ತ ಡ್ರೈವರ್. ಸಕ್ಕರೆ ಕಾಯಿಲೆ ಹಳೆಯದು. ಕಾಲು ಜೋಮು ಹಿಡಿದಿದೆ, ಚೆನ್ನಾಗಿ ಒತ್ತಿ ಎಂದರು. ಸಾಕ್ಸ್ ತೆಗೆದು ಅಂಗಾಲು ಬೆಳಕಿಗೆ ತಿರುಗಿಸಿದರೆ ಕಿರುಬೆರಳ ಕೆಳಗೆ ಹುಣಸೆಬೀಜದಷ್ಟು ಗಾಯ, ಸುತ್ತ ಕೆಂಪು. ಯಜಮಾನರಿಗೆ ಅದು ಗೊತ್ತೇ ಇರಲಿಲ್ಲ. ಸಕ್ಕರೆ ಕಾಯಿಲೆಯಲ್ಲಿ ನರ ಸತ್ತು ಸ್ಪರ್ಶ ಹೋದರೆ ಮುಳ್ಳು ಚುಚ್ಚಿದ್ದೂ ತಿಳಿಯುವುದಿಲ್ಲ. ಆಕೆ ಒತ್ತಲಿಲ್ಲ. ಗಾಯದ ಮೇಲೆ ಬಟ್ಟೆ ಮುಚ್ಚಿ, ಮಗನಿಗೆ ಫೋನು ಹಚ್ಚಿಸಿ, ಇವತ್ತೇ ಆಸ್ಪತ್ರೆಗೆ ಎಂದು ರಿಕ್ಷಾ ತರಿಸಿದರು. ಯಜಮಾನರು ಡಬ್ಬಿಯತ್ತ ಕೈ ಚಾಚಿದಾಗ ಆಕೆ ತಡೆದರು.

“ನಾನೇನೂ ಮಾಡಿಲ್ಲವಲ್ಲ.”

“ಇಷ್ಟು ದಿನದಲ್ಲಿ ನನ್ನ ಕಾಲು ನೋಡಿದವರು ನೀವೊಬ್ಬರೇ, ಬಾಯಿ” ಎಂದು ಅವರು ನೋಟನ್ನು ಹಾಕಿಯೇ ಹೋದರು.